ಕಿರಾಣಿ ವಹಿಯಿಂದ ಗಾರ್ಪ್‌ವರೆಗೆ: ಗ್ರಾಹಕರ ಆಯ್ಕೆಯ ಸಿದ್ಧಾಂತವನ್ನು ಮನೆಯ ಖರೀದಿ ಲೆಕ್ಕದಲ್ಲಿ ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಕೈಯಲ್ಲಿರುವ ಹಣದಲ್ಲಿ ತನಗೆ ಹೆಚ್ಚು ಬೇಕಾದದ್ದನ್ನೇ ಗ್ರಾಹಕ ಕೊಳ್ಳುತ್ತಾನೆ. ಅರ್ಥಶಾಸ್ತ್ರ ಓದಿದವರೆಲ್ಲ ಈ ಮಾತನ್ನು ಮೊದಲ ವರ್ಷವೇ ಕಲಿತಿರುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿರುತ್ತಾರೆ. ಇದು ನಿಜವೇ ಅಂತ ನೋಡಿದವರು ಮಾತ್ರ ಕಡಿಮೆ.

ನೋಡೋದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಅತ್ತೆಯವರು ವರ್ಷಗಳಿಂದ ಕಿರಾಣಿ ವಹಿ ಬರೆಯುತ್ತಾ ಬಂದಿದ್ದಾರೆ. ತಾರೀಕು, ಸಾಮಾನು, ತೂಕ, ದರ, ಒಟ್ಟು, ಎಲ್ಲ ಅದರಲ್ಲಿದೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಕೊನೆಯ ವರ್ಷದ ಮಕ್ಕಳು ಪ್ರಾಜೆಕ್ಟ್‌ಗೆ ವಿಷಯ ಕೇಳಿದಾಗ ಈ ವಹಿಯನ್ನೇ ತೋರಿಸುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಇಲ್ಲದಿದ್ದರೆ ಇವತ್ತೇ ಶುರು ಮಾಡಬಹುದು. ಆ ಲೆಕ್ಕದಿಂದ ಸಿದ್ಧಾಂತವನ್ನು ಹೇಗೆ ಪರೀಕ್ಷಿಸೋದು ಅನ್ನೋದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಯಾವ ಪ್ರಶ್ನೆ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

"ಸಿದ್ಧಾಂತ ಸರಿಯೇ?" ಅನ್ನೋದು ಒಂದೇ ಪ್ರಶ್ನೆ ಅಲ್ಲ. ಅದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ.

ಒಂದು, ಆದಾಯ ಹೆಚ್ಚಿದಂತೆ ಖರ್ಚಿನಲ್ಲಿ ಊಟದ ಪಾಲು ಇಳಿಯುತ್ತದೆಯೇ? ಜರ್ಮನ್ ಸಂಖ್ಯಾಶಾಸ್ತ್ರಜ್ಞ ಎರ್ನ್ಸ್ಟ್ ಎಂಗೆಲ್ 1857ರಲ್ಲಿ ಬೆಲ್ಜಿಯಂನ ಕುಟುಂಬಗಳ ಲೆಕ್ಕ ನೋಡಿ ಹೇಳಿದ್ದು ಇದನ್ನು. ಎರಡು, ಒಂದು ಮನೆ ಬೇರೆ ಬೇರೆ ತಿಂಗಳಲ್ಲಿ ಮಾಡಿದ ಆಯ್ಕೆಗಳು ಒಂದಕ್ಕೊಂದು ಹೊಂದುತ್ತವೆಯೇ? ಮೂರು, ಎಲ್ಲ ಬೆಲೆಗಳೂ ಆದಾಯವೂ ಒಟ್ಟಿಗೆ ಎರಡು ಪಟ್ಟಾದರೆ ಕೊಳ್ಳುವ ಪ್ರಮಾಣ ಹಾಗೇ ಉಳಿಯುತ್ತದೆಯೇ?

ಈ ಬರಹ ಮುಖ್ಯವಾಗಿ ಎರಡನೆಯ ಪ್ರಶ್ನೆಯ ಬಗ್ಗೆ. ಒಂದು ಮನೆಯ ವಹಿಯಿಂದ ಪೂರ್ತಿ ಉತ್ತರ ಸಿಗೋದು ಅದಕ್ಕೇ. ಪಾಲ್ ಸ್ಯಾಮುಯೆಲ್ಸನ್ 1938ರಲ್ಲಿ ಇದರ ಬೀಜ ಹಾಕಿದರು. ಜನರ ಮನಸ್ಸಿನಲ್ಲಿ ಏನಿದೆ ಅಂತ ಕೇಳಬೇಡಿ, ಏನು ಕೊಂಡರು ಅಂತ ನೋಡಿ ಅನ್ನೋದು ಅವರ ಮಾತಿನ ತಿರುಳು. ರಿವೀಲ್ಡ್ ಪ್ರಿಫರೆನ್ಸ್ ಅನ್ನುತ್ತೇವಲ್ಲ, ಅಂದರೆ ಕೊಂಡದ್ದರಲ್ಲೇ ಕಾಣುವ ಒಲವು. 1950ರಲ್ಲಿ ಹೌಟಾಕರ್ ಅದನ್ನು ಬಿಗಿ ಮಾಡಿದರು. 1967ರಲ್ಲಿ ಸಿಡ್ನಿ ಆಫ್ರಿಯಾಟ್, 1982ರಲ್ಲಿ ಹ್ಯಾಲ್ ವೇರಿಯನ್ ಅದನ್ನು ಲೆಕ್ಕದ ಪುಸ್ತಕದ ಮೇಲೆ ನಡೆಸಬಹುದಾದ ಪರೀಕ್ಷೆ ಮಾಡಿಕೊಟ್ಟರು. ಆ ಪರೀಕ್ಷೆಗೆ ಗಾರ್ಪ್ ಅಂತ ಹೆಸರು, ಜನರಲೈಸ್ಡ್ ಆಕ್ಸಿಯಮ್ ಆಫ್ ರಿವೀಲ್ಡ್ ಪ್ರಿಫರೆನ್ಸ್ ಅನ್ನೋದರ ಚಿಕ್ಕ ರೂಪ.

ಆಫ್ರಿಯಾಟ್ ತೋರಿಸಿದ ಸಂಗತಿ ನನಗೆ ಇವತ್ತಿಗೂ ಬೆರಗು. ನಿಮ್ಮಲ್ಲಿ 12 ತಿಂಗಳ ಬೆಲೆ ಮತ್ತು ಪ್ರಮಾಣ ಇದೆ ಅಂದುಕೊಳ್ಳಿ. ಅವು ಗಾರ್ಪ್ ಪಾಸಾದರೆ, ಆ 12 ಆಯ್ಕೆಗಳನ್ನೂ ವಿವರಿಸುವ ಒಂದು ಯುಟಿಲಿಟಿ ಫಂಕ್ಷನ್, ಅಂದರೆ ಯಾವುದು ಎಷ್ಟು ಇಷ್ಟ ಅಂತ ಅಂಕ ಕೊಡುವ ಸೂತ್ರ, ಖಂಡಿತ ಇದೆ. ಫೇಲಾದರೆ ಖಂಡಿತ ಇಲ್ಲ. ಆ ಫಂಕ್ಷನ್ ಯಾವ ಆಕಾರದ್ದು ಅಂತ ಮೊದಲೇ ಊಹಿಸಬೇಕಾಗಿಲ್ಲ. ಕೂಡೋದು, ಗುಣಿಸೋದು, ಹೋಲಿಸೋದು ಬಂದರೆ ಸಾಕು.

ಹೆಜ್ಜೆ 2: ಅಂಕಿಅಂಶ ಎಲ್ಲಿಂದ?

ಮೂರು ದಾರಿಗಳಿವೆ. ಎಲ್ಲ ದಾರಿಯೂ ಎಲ್ಲ ಪ್ರಶ್ನೆಗೂ ಒಗ್ಗೋದಿಲ್ಲ. ಮಕ್ಕಳು ಜಾಸ್ತಿ ಎಡವೋದು ಇಲ್ಲೇ.

ಸರ್ಕಾರದ ಮನೆಬಳಕೆ ವೆಚ್ಚ ಸಮೀಕ್ಷೆ ಇದೆ. ಈಚಿನವು ಎರಡು: 2022ರ ಆಗಸ್ಟ್‌ನಿಂದ 2023ರ ಜುಲೈವರೆಗೆ ಒಂದು, 2023ರ ಆಗಸ್ಟ್‌ನಿಂದ 2024ರ ಜುಲೈವರೆಗೆ ಇನ್ನೊಂದು. ಇದರಲ್ಲಿ ಲಕ್ಷಾಂತರ ಮನೆಗಳಿವೆ. ಹಲವು ಸಾಮಾನುಗಳಿಗೆ ಪ್ರಮಾಣ ಮತ್ತು ಬೆಲೆ ಎರಡೂ ಸಿಗುತ್ತವೆ. ಎಂಗೆಲ್ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಮೂಲ ಇಲ್ಲ. 1999-2000ರಲ್ಲಿ ದೇಶದ ನಗರಗಳಲ್ಲಿ ಊಟದ ಪಾಲು ಖರ್ಚಿನ ಶೇ. 48ರಷ್ಟಿತ್ತು, 2022-23ರಲ್ಲಿ ಶೇ. 39ಕ್ಕೆ ಇಳಿದಿತ್ತು. ಹಳ್ಳಿಗಳಲ್ಲಿ ಅದೇ ಅವಧಿಯಲ್ಲಿ ಶೇ. 59ರಿಂದ 46ಕ್ಕೆ ಬಂತು. ಎಂಗೆಲ್ ಹೇಳಿದ ದಿಕ್ಕೇ.

ಆದರೆ ಒಂದೇ ಮನೆಯನ್ನು ತಿಂಗಳು ತಿಂಗಳೂ ಇಡೀ ಬುಟ್ಟಿಯ, ಅಂದರೆ ಆ ತಿಂಗಳು ಕೊಂಡದ್ದೆಲ್ಲದರ, ಲೆಕ್ಕ ಕೇಳುವ ಸಮೀಕ್ಷೆ ಇದಲ್ಲ. ನಿಮ್ಮ ಆಯ್ಕೆ ನಿಮ್ಮದೇ ಇನ್ನೊಂದು ಆಯ್ಕೆಗೆ ಹೊಂದುತ್ತದೆಯೇ ಅಂತ ನೋಡಬೇಕಾದರೆ ನಿಮ್ಮನ್ನೇ ಮತ್ತೆ ಮತ್ತೆ ನೋಡಬೇಕಲ್ವಾ? ಮುಲುಂಡ್‌ನ ಒಂದು ಮನೆಯನ್ನೂ ಕುರ್ಲಾದ ಇನ್ನೊಂದು ಮನೆಯನ್ನೂ ಎದುರುಬದುರು ಇಟ್ಟು "ಹೊಂದುತ್ತಿಲ್ಲ" ಅಂದರೆ ಅರ್ಥವಿಲ್ಲ. ಅವರ ರುಚಿಯೇ ಬೇರೆ.

ಮುಂಬೈಯಲ್ಲೇ ಕಚೇರಿ ಇರುವ ಸಿಎಂಐಇ (ಸೆಂಟರ್ ಫಾರ್ ಮಾನಿಟರಿಂಗ್ ಇಂಡಿಯನ್ ಎಕಾನಮಿ) ಸಂಸ್ಥೆಯವರು ಅವೇ ಮನೆಗಳಿಗೆ ವರ್ಷಕ್ಕೆ ಮೂರು ಸಲ ಹೋಗುತ್ತಾರೆ. ಆ ಅಂಕಿಗಳಿಗೆ ಹಣ ಕೊಡಬೇಕು. ಜೊತೆಗೆ ಅದು ಮುಖ್ಯವಾಗಿ ಖರ್ಚಿನ ಲೆಕ್ಕ. ಪ್ರಮಾಣ ಬೇಕಾದವರಿಗೆ ಅದು ಸಾಲದು.

ಹಾಗಾಗಿ ಎರಡನೆಯ ಪ್ರಶ್ನೆಗೆ ಮನೆಯ ವಹಿಯೇ ಸರಿ. ನೆರೆಮನೆಯವರ ವಹಿ ಕೇಳುವುದಾದರೆ ಒಪ್ಪಿಗೆ ಪಡೆಯಿರಿ, ನಕಲು ಮಾಡುವಾಗ ಹೆಸರು ತೆಗೆಯಿರಿ. ಕಿರಾಣಿ ಪಟ್ಟಿಯಲ್ಲಿ ಮನೆಯ ಕಾಯಿಲೆ, ಸಾಲ, ವ್ರತ ಎಲ್ಲ ಕಾಣುತ್ತದೆ.

ಹೆಜ್ಜೆ 3: ವಹಿಯಲ್ಲಿ ಏನೇನು ಬರೆಯಬೇಕು

ತಾರೀಕು, ಸಾಮಾನು, ಪ್ರಮಾಣ, ಕೊಟ್ಟ ಹಣ. ಇಷ್ಟು ಎಲ್ಲರೂ ಬರೆಯುತ್ತಾರೆ. ಇನ್ನು ಎರಡು ಕಾಲಂ ಸೇರಿಸಿ: ಯಾರು ತಂದದ್ದು, ಮತ್ತು ಯಾಕೆ. ಈ "ಯಾಕೆ" ಕಾಲಂ ಖಾಲಿ ಬಿಡಬಾರದು ಅಂತ ನನ್ನ ಹಟ. "ದಿನಬಳಕೆ" ಅಂತ ಒಂದೇ ಪದ ಇದ್ದರೂ ಸರಿ. ಕಾರಣ ಮುಂದೆ ಗೊತ್ತಾಗುತ್ತದೆ.

ಪ್ರಮಾಣದ್ದು ಸ್ವಲ್ಪ ತಲೆನೋವು. ನಮ್ಮ ಮಂಡಿಯಲ್ಲಿ ಮೆಂತ್ಯ ಸೊಪ್ಪು ಜುಡಿ (ಕಟ್ಟು) ಲೆಕ್ಕ, ಬಾಳೆಹಣ್ಣು ಡಜನ್ ಲೆಕ್ಕ, ಹಸಿಮೆಣಸಿನಕಾಯಿ ಪಾವ್ ಕಿಲೋ ಲೆಕ್ಕ. ಕೆಲವರು ತರಕಾರಿಯನ್ನು ವಾಟಾ ಮಾಡಿ, ಅಂದರೆ ಗುಡ್ಡೆ ಹಾಕಿ ಮಾರುತ್ತಾರೆ. ಮನೆಯ ತಕ್ಕಡಿಯಲ್ಲಿ ಒಂದು ವಾರ ಎಲ್ಲವನ್ನೂ ತೂಗಿ. ಮೆಂತ್ಯದ ಜುಡಿ ಮಳೆಗಾಲದಲ್ಲಿ ಸಣ್ಣದು, ಚಳಿಗಾಲದಲ್ಲಿ ದಪ್ಪ. ಆದ್ದರಿಂದ ಋತುವಿಗೊಂದು ಸಲವಾದರೂ ತೂಗಬೇಕು. ಆಮೇಲೆ ಎಲ್ಲವನ್ನೂ ಕಿಲೋಗೆ, ಲೀಟರ್‌ಗೆ ಇಳಿಸಿಕೊಳ್ಳಿ.

ಬೆಲೆ ಅಂದರೆ ಪ್ಯಾಕೆಟ್ ಮೇಲಿನ ಎಂಆರ್‌ಪಿ ಅಲ್ಲ, ಕೈಯಿಂದ ಹೋದ ಹಣ. ರಿಯಾಯಿತಿ ಕಳೆಯಿರಿ. ಆನ್‌ಲೈನ್‌ನಲ್ಲಿ ತರಿಸಿದ್ದರೆ ಡೆಲಿವರಿ ಶುಲ್ಕವನ್ನು ಬೇರೆ ಬರೆದಿಡಿ. ರೇಷನ್ ಅಕ್ಕಿ ಇದ್ದರೆ ಅದನ್ನೂ ಬೇರೆ ಸಾಲಿನಲ್ಲೇ ಬರೆಯಿರಿ. ಅದು ಇಷ್ಟೇ ಕಿಲೋ ಅಂತ ಮಿತಿ ಇರುವ ಸಾಮಾನು. ಮನೆಯವರು ಆರಿಸುವುದು ಅದರ ಮೇಲೆ ಅಂಗಡಿಯಿಂದ ತರುವ ಅಕ್ಕಿಯನ್ನು. ಆ ಆಯ್ಕೆಗೆ ಅಂಗಡಿಯ ದರವೇ ಬೆಲೆ.

ಹೆಜ್ಜೆ 4: ಗುಂಪು ಮಾಡಿ, ಆದರೆ ಬೆಲೆ ಕೆಡಿಸಬೇಡಿ

ವಹಿಯಲ್ಲಿ ನೂರು ಬಗೆ ಸಾಮಾನು ಇರುತ್ತದೆ. ಅಷ್ಟೂ ಬೇಡ. ಆರರಿಂದ ಹತ್ತು ಗುಂಪು ಸಾಕು: ಅಕ್ಕಿ, ಗೋಧಿ-ಜೋಳ, ಬೇಳೆ, ಎಣ್ಣೆ, ಹಾಲು-ಮೊಸರು, ತರಕಾರಿ, ಹಣ್ಣು, ಹೀಗೆ.

ಇಲ್ಲಿ ಒಂದು ಬಲೆ ಇದೆ. ಗುಂಪಿನ ಒಟ್ಟು ಖರ್ಚನ್ನು ಒಟ್ಟು ಕಿಲೋದಿಂದ ಭಾಗಿಸಿ "ಇದೇ ಬೆಲೆ" ಅಂತ ಬರೆಯಬೇಡಿ. ಮೇ ತಿಂಗಳಲ್ಲಿ ನೀವು ರತ್ನಾಗಿರಿ ಹಾಪೂಸ್ ಕೊಂಡಿರಿ, ಜೂನ್‌ನಲ್ಲಿ ತೋತಾಪುರಿ ಕೊಂಡಿರಿ. ಭಾಗಿಸಿದರೆ ಮಾವಿನ ಬೆಲೆ ಅರ್ಧಕ್ಕೂ ಕೆಳಗೆ ಇಳಿದಂತೆ ಕಾಣುತ್ತದೆ. ನಿಜಕ್ಕೂ ಬೆಲೆ ಇಳಿಯಲಿಲ್ಲ. ನೀವು ಹಣ್ಣಿನ ತಳಿ ಬದಲಿಸಿದಿರಿ. ವಾಡಾ ಕೋಲಂ ಅಕ್ಕಿಯಿಂದ ಸೋನಾ ಮಸೂರಿಗೆ ಬಂದಾಗಲೂ ಇದೇ ಕತೆ.

ಈ ವಿಷಯದಲ್ಲಿ ಆಂಗಸ್ ಡೀಟನ್ ಮಾಡಿದ ಕೆಲಸ ನಮ್ಮ ರಾಜ್ಯದ್ದೇ ಲೆಕ್ಕದ ಮೇಲೆ. ಶಂಕರ್ ಸುಬ್ರಮಣಿಯನ್ ಜೊತೆ ಸೇರಿ 1983ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿದ್ದ ಮಹಾರಾಷ್ಟ್ರದ ಹಳ್ಳಿಗಳ ಮನೆಗಳನ್ನು ಅವರು ನೋಡಿದರು. ಫಲಿತಾಂಶ 1996ರಲ್ಲಿ ಬಂತು. ಒಟ್ಟು ಖರ್ಚು ಶೇ. 10ರಷ್ಟು ಹೆಚ್ಚಿದರೆ ಊಟದ ಖರ್ಚು ಸುಮಾರು ಶೇ. 7.5ರಷ್ಟು ಏರುತ್ತದೆ. ಆದರೆ ಅದರಲ್ಲಿ ಅರ್ಧದಷ್ಟು ಮಾತ್ರ ಹೆಚ್ಚು ಕ್ಯಾಲರಿ. ಉಳಿದರ್ಧ ಅಷ್ಟೇ ಕ್ಯಾಲರಿಗೆ ಹೆಚ್ಚು ದುಡ್ಡು ಕೊಡುವುದು, ಅಂದರೆ ಇನ್ನೂ ರುಚಿಯಾದದ್ದು, ಇನ್ನೂ ಒಳ್ಳೆಯದು. ಜೋಳದಿಂದ ಅಕ್ಕಿ-ಗೋಧಿಗೆ ಹೋಗುವ ಮನೆಯ ಚಿತ್ರವೇ ಇದು. ಡೀಟನ್ ಅವರಿಗೆ 2015ರಲ್ಲಿ ನೊಬೆಲ್ ಬಂದಾಗ ನಾನು ತರಗತಿಯಲ್ಲಿ ಮೊದಲು ಹೇಳಿದ್ದು ಮಹಾರಾಷ್ಟ್ರದ ಈ ಕೆಲಸವನ್ನೇ.

ನೀವು ಮಾಡಬೇಕಾದ್ದು ಇಷ್ಟು. ಪ್ರತಿ ಗುಂಪಿಗೂ ಒಂದು ಖಚಿತ ತಳಿ ಆರಿಸಿ, ಎಲ್ಲ ತಿಂಗಳಿಗೂ ಅದರದ್ದೇ ದರ ಹಾಕಿ. ನೀವು ಆ ತಿಂಗಳು ಅದನ್ನು ಕೊಳ್ಳದೇ ಇದ್ದರೂ ದರ ಬೇಕು. ಅಂಗಡಿಯವರನ್ನು ಕೇಳಿ ಬರೆದಿಡಿ. ನಮ್ಮ ಕಿರಾಣಿ ಸೇಠ್ ಹಳೆಯ ಬಿಲ್ ಪುಸ್ತಕ ತೆಗೆದು ಒಂದೊಂದೇ ತಿಂಗಳ ದರ ಓದಿ ಹೇಳಿದ್ದು ನನಗೆ ದೊಡ್ಡ ಸಹಾಯವಾಯಿತು.

ಹೆಜ್ಜೆ 5: ವೆಚ್ಚದ ಕೋಷ್ಟಕ

ಈಗ ಪರೀಕ್ಷೆಯ ಹೃದಯಕ್ಕೆ ಬರೋಣ. ಪ್ರತಿ ತಿಂಗಳ ಬುಟ್ಟಿಯನ್ನೂ ಉಳಿದ ಪ್ರತಿ ತಿಂಗಳ ಬೆಲೆಯಲ್ಲಿ ಲೆಕ್ಕ ಹಾಕಬೇಕು. 24 ತಿಂಗಳಿದ್ದರೆ 576 ಚೌಕಗಳ ಕೋಷ್ಟಕ. ಎಕ್ಸೆಲ್‌ನಲ್ಲಿ ಸಮ್‌ಪ್ರಾಡಕ್ಟ್ ಸೂತ್ರ ಒಂದು ಸಲ ಸರಿಯಾಗಿ ಬರೆದು ಎಳೆದರೆ ಮುಗಿಯಿತು. ಅಡ್ಡ ಸಾಲು ಬೆಲೆಯ ತಿಂಗಳು, ಉದ್ದ ಸಾಲು ಬುಟ್ಟಿಯ ತಿಂಗಳು.

ಎರಡೇ ಸಾಮಾನು, ಎರಡೇ ತಿಂಗಳು ಇಟ್ಟು ತೋರಿಸುತ್ತೇನೆ. ನಮ್ಮ ವಹಿಯಲ್ಲೇ ಕಂಡದ್ದು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಪೂರ್ಣ ಸಂಖ್ಯೆಗೆ ತಂದಿದ್ದೇನೆ.

ಮೊದಲ ತಿಂಗಳು: ತೊಗರಿಬೇಳೆ ಕಿಲೋಗೆ 160 ರೂಪಾಯಿ, ಹೆಸರುಬೇಳೆ 100. ಕೊಂಡದ್ದು ತೊಗರಿ 2 ಕಿಲೋ, ಹೆಸರು 3 ಕಿಲೋ. ಖರ್ಚು 620.

ಎರಡನೆಯ ತಿಂಗಳು: ತೊಗರಿ 110, ಹೆಸರು 120. ಕೊಂಡದ್ದು ತೊಗರಿ 1 ಕಿಲೋ, ಹೆಸರು 4 ಕಿಲೋ. ಖರ್ಚು 590.

ಎರಡನೆಯ ಬುಟ್ಟಿಗೆ ಮೊದಲ ತಿಂಗಳ ದರದಲ್ಲಿ ಎಷ್ಟಾಗುತ್ತಿತ್ತು? 160 ಮತ್ತು 400, ಒಟ್ಟು 560. ಅಂದರೆ ಮೊದಲ ತಿಂಗಳು 620 ಖರ್ಚು ಮಾಡಿದಾಗ ಎರಡನೆಯ ಬುಟ್ಟಿ ಕೈಗೆಟುಕುತ್ತಿತ್ತು, 60 ರೂಪಾಯಿ ಉಳಿಯುತ್ತಲೂ ಇತ್ತು. ಆದರೂ ಅದನ್ನು ಬಿಟ್ಟು ಮೊದಲನೆಯದನ್ನೇ ಆರಿಸಿದರು. ಹಾಗಾದರೆ ಮೊದಲ ಬುಟ್ಟಿಯೇ ಹೆಚ್ಚು ಇಷ್ಟ ಅಂತಾಯಿತು.

ಈಗ ತಿರುಗಿಸಿ ನೋಡಿ. ಮೊದಲ ಬುಟ್ಟಿಗೆ ಎರಡನೆಯ ತಿಂಗಳ ದರದಲ್ಲಿ 220 ಮತ್ತು 360, ಒಟ್ಟು 580. ಆ ತಿಂಗಳು 590 ಖರ್ಚು ಮಾಡಿದ್ದರು. ಮೊದಲ ಬುಟ್ಟಿ ಆಗಲೂ ಕೈಗೆಟುಕುತ್ತಿತ್ತು. ಆದರೂ ಎರಡನೆಯದನ್ನು ಆರಿಸಿದರು.

ಎರಡೂ ಒಟ್ಟಿಗೆ ನಿಲ್ಲೋದಿಲ್ಲ. ತೊಗರಿ ತುಟ್ಟಿಯಾದಾಗ ಜಾಸ್ತಿ, ಅಗ್ಗವಾದಾಗ ಕಡಿಮೆ. ಪುಸ್ತಕದ ಪ್ರಕಾರ ಇದು ಉಲ್ಲಂಘನೆ. ಈ ಮನೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇವೆ.

ಹೆಜ್ಜೆ 6: ಸುತ್ತು ಹುಡುಕಿ

ಎರಡೇ ಸಾಮಾನಿದ್ದರೆ ಹೀಗೆ ಜೋಡಿ ಜೋಡಿಯಾಗಿ ನೋಡಿದರೆ ಸಾಕು. ಮೂರು ಅಥವಾ ಹೆಚ್ಚಿದ್ದರೆ ಸಾಲದು. ಜೋಡಿಯಲ್ಲಿ ತಪ್ಪು ಕಾಣದೇ ಸುತ್ತು ಬಂದಾಗ ಮಾತ್ರ ಕಾಣಬಹುದು.

ಜೂನ್ ತಿಂಗಳ ಖರ್ಚು 1,000. ಅದೇ ದರದಲ್ಲಿ ಜುಲೈ ಬುಟ್ಟಿಗೆ 980, ಆಗಸ್ಟ್ ಬುಟ್ಟಿಗೆ 1,040. ಜುಲೈ ಖರ್ಚು 1,010. ಜುಲೈ ದರದಲ್ಲಿ ಜೂನ್ ಬುಟ್ಟಿಗೆ 1,050, ಆಗಸ್ಟ್ ಬುಟ್ಟಿಗೆ 995. ಆಗಸ್ಟ್ ಖರ್ಚು 1,020. ಆಗಸ್ಟ್ ದರದಲ್ಲಿ ಜೂನ್ ಬುಟ್ಟಿಗೆ 1,015, ಜುಲೈ ಬುಟ್ಟಿಗೆ 1,070.

ಯಾವ ಎರಡು ತಿಂಗಳನ್ನು ಹಿಡಿದರೂ ಜಗಳ ಇಲ್ಲ. ಆದರೆ ಜೂನ್ ಬುಟ್ಟಿ ಜುಲೈದಕ್ಕಿಂತ ಮೇಲು, ಜುಲೈ ಬುಟ್ಟಿ ಆಗಸ್ಟ್‌ದಕ್ಕಿಂತ ಮೇಲು, ಆಗಸ್ಟ್ ಬುಟ್ಟಿ ಮತ್ತೆ ಜೂನ್‌ದಕ್ಕಿಂತ ಮೇಲು ಅಂತಾಗುತ್ತದೆ. ಹಾವು ತನ್ನ ಬಾಲವನ್ನೇ ಕಚ್ಚಿದಂತೆ.

ಇಂಥ ಸುತ್ತುಗಳನ್ನು ಕಣ್ಣಲ್ಲಿ ಹುಡುಕಲು ಹೋಗಬೇಡಿ. 1962ರಲ್ಲಿ ವಾರ್ಷಲ್ ಕೊಟ್ಟ ಸರಳ ವಿಧಾನ ಇದೆ. ವೆಚ್ಚದ ಕೋಷ್ಟಕದಿಂದ ಇನ್ನೊಂದು ಕೋಷ್ಟಕ ಮಾಡಿ. ಆ ತಿಂಗಳ ಖರ್ಚಿನೊಳಗೆ ಇನ್ನೊಂದು ಬುಟ್ಟಿ ಬರುತ್ತಿದ್ದರೆ 1, ಇಲ್ಲದಿದ್ದರೆ 0. ಆಮೇಲೆ ಒಂದೊಂದೇ ತಿಂಗಳನ್ನು ಮಧ್ಯಸ್ಥನಾಗಿ ಇಟ್ಟುಕೊಳ್ಳಿ. ಮೊದಲನೆಯದರಿಂದ ಮಧ್ಯಸ್ಥನಿಗೆ 1, ಮಧ್ಯಸ್ಥನಿಂದ ಮೂರನೆಯದಕ್ಕೆ 1 ಇದ್ದರೆ, ಮೊದಲನೆಯದರಿಂದ ಮೂರನೆಯದಕ್ಕೂ 1 ಬರೆಯಿರಿ. 24 ತಿಂಗಳಿಗೆ 13,824 ಸಲ ನೋಡಬೇಕು. ಕಂಪ್ಯೂಟರ್‌ಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಕೆಲಸ. ಕೊನೆಗೆ ಒಂದು ಬುಟ್ಟಿ ಇನ್ನೊಂದಕ್ಕಿಂತ ಮೇಲು ಅಂತ ಇದ್ದು, ಆ ಇನ್ನೊಂದನ್ನು ಕೊಂಡ ತಿಂಗಳಲ್ಲಿ ಮೊದಲನೆಯದು ಇನ್ನೂ ಕಡಿಮೆ ಹಣಕ್ಕೇ ಸಿಗುತ್ತಿದ್ದರೆ, ಅದು ಗಾರ್ಪ್ ಉಲ್ಲಂಘನೆ. ಆರ್ (R) ಅನ್ನೋ ಕಂಪ್ಯೂಟರ್ ಭಾಷೆ ಗೊತ್ತಿದ್ದವರಿಗೆ ರಿವೀಲ್ಡ್‌ಪ್ರೆಫ್ಸ್ ಅನ್ನೋ ಪ್ಯಾಕೇಜ್ ಇದೆ. ಆದರೂ ಮೊದಲ ಸಲ ಕೈಯಾರೆ ಮಾಡಿ ನೋಡಿ ಅಂತ ನನ್ನ ಸಲಹೆ. ಯಾವ ತಿಂಗಳು ಯಾವುದಕ್ಕೆ ತಾಗುತ್ತಿದೆ ಅಂತ ಆಗ ಮಾತ್ರ ಮನಸ್ಸಿಗೆ ಇಳಿಯುತ್ತದೆ.

ಹೆಜ್ಜೆ 7: ತಪ್ಪು ಸಿಕ್ಕಿದಾಗ ಮೊದಲು ವಹಿ ತೆರೆಯಿರಿ

ಈಗ ಆ ತೊಗರಿ-ಹೆಸರಿನ ಮನೆಗೆ ಬರೋಣ. ಆ ಎರಡನೆಯ ತಿಂಗಳು ಕೋಷ್ಟಕದಲ್ಲಿ ಕೆಂಪಾಗಿ ನಿಂತಿತ್ತು. ನಾನು ಅರ್ಧ ದಿನ ಸೂತ್ರ ತಪ್ಪಿರಬೇಕು ಅಂತ ಹುಡುಕಿದೆ. ದರಗಳನ್ನು ಮತ್ತೆ ನೋಡಿದೆ. ಎಲ್ಲ ಸರಿ. ಆಮೇಲೆ ವಹಿಯನ್ನು ಅತ್ತೆಯವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ಆ ಪುಟದ ಮೇಲೆ ಬೆರಳಾಡಿಸಿದರು. "ಇವಗ ಆ ತಿಂಗಳ ಕಾಮಾಲಿ ಆಗಿತ್ತಲ್ಲ? ತೊಗರಿ ಯಾರು ತಿಂತಿದ್ರು, ಹೆಸರಬ್ಯಾಳಿ ಗಂಜಿನ ಮಾಡತಿದ್ವಿ" ಅಂದರು.

ಅಷ್ಟೇ. ನನ್ನ ಗಂಡನಿಗೆ ಕಾಮಾಲೆ. ಮನೆಯಲ್ಲಿ ತಿಂಗಳು ಪೂರ್ತಿ ಹೆಸರುಬೇಳೆ ಗಂಜಿ, ಕಿಚಡಿ. ತೊಗರಿ ಎಷ್ಟೇ ಅಗ್ಗವಾದರೂ ಯಾರಿಗೂ ಬೇಡವಾಗಿತ್ತು. ಈ ಮನೆ ತಪ್ಪು ಆಯ್ಕೆ ಮಾಡಲಿಲ್ಲ. ಸಿದ್ಧಾಂತ ಕೇಳುವ ಒಂದು ಷರತ್ತು, ಅಂದರೆ ರುಚಿ-ಅಗತ್ಯ ಎಲ್ಲ ತಿಂಗಳೂ ಒಂದೇ ಆಗಿರಬೇಕು ಅನ್ನೋದು, ಆ ತಿಂಗಳು ಮುರಿದಿತ್ತು. "ಯಾಕೆ" ಕಾಲಂ ಬಗ್ಗೆ ನಾನು ಹಟ ಹಿಡಿಯೋದು ಇದಕ್ಕೇ. ಅದು ಇದ್ದಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಅತ್ತೆಯವರಿಗೆ ನೆನಪಿರದೇ ಹೋಗಿದ್ದರೆ ನಾನು ವರದಿಯಲ್ಲಿ "ಈ ಮನೆಯ ಆಯ್ಕೆಯಲ್ಲಿ ಹೊಂದಾಣಿಕೆ ಇಲ್ಲ" ಅಂತ ಬರೆದುಬಿಡುತ್ತಿದ್ದೆ. ಎರಡು ಹೊತ್ತು ಗಂಜಿ ಬೇಯಿಸಿದ ಕೈಗಳ ಮೇಲೆ ಅಂಥ ಮಾತು ಹೊರಿಸುವುದು ಅನ್ಯಾಯ.

ಇನ್ನೂ ಕೆಲವು ಕಾರಣಗಳು ಮತ್ತೆ ಮತ್ತೆ ಬರುತ್ತವೆ.

ಕೊಂಡದ್ದೇ ತಿಂದದ್ದಲ್ಲ. ಇದು ಎಲ್ಲಕ್ಕಿಂತ ದೊಡ್ಡದು. ಮುಂಬೈಯಲ್ಲಿ ಮಳೆ ಹಿಡಿಯುವ ಮುಂಚೆ ಅನೇಕ ಮನೆಗಳಲ್ಲಿ ವರ್ಷದ ಸಾಮಾನು ತುಂಬಿಡುತ್ತಾರೆ. ಮರಾಠಿಯಲ್ಲಿ ಬೇಗಮಿ ಅನ್ನುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಗೋಧಿ, ಬೇಳೆ ಎಲ್ಲ ಒಟ್ಟಿಗೆ ಬರುತ್ತದೆ. ಬಿಸಿಲಿಗೆ ಒಣಗಿಸಿ, ಮಸಾಲೆ ಕುಟ್ಟಿಸಿ ಡಬ್ಬಿ ತುಂಬುತ್ತಾರೆ. ಮೇ ತಿಂಗಳಲ್ಲಿ 3 ಕಿಲೋ ಮೆಣಸಿನಕಾಯಿ, ಜೂನ್‌ನಲ್ಲಿ ಸೊನ್ನೆ. ಕೋಷ್ಟಕಕ್ಕೆ ಇದು ತಲೆಬುಡ ಇಲ್ಲದ ಆಯ್ಕೆಯಂತೆ ಕಾಣುತ್ತದೆ. ಹಾಗಾಗಿ ಕೆಡದ ಸಾಮಾನುಗಳನ್ನು ಬಳಕೆಯ ಲೆಕ್ಕದಲ್ಲಿ ಹಂಚಿ. ತಿಂಗಳ ಮೊದಲ ದಿನ ಮತ್ತು ಕೊನೆಯ ದಿನ ಡಬ್ಬಿಯಲ್ಲಿ ಎಷ್ಟಿದೆ ಅಂತ ತೂಗಿ ಬರೆದಿಟ್ಟರೆ ಇದು ಸುಲಭ.

ಹಬ್ಬ, ವ್ರತ, ನೆಂಟರು. ಶ್ರಾವಣದಲ್ಲಿ ಎಷ್ಟೋ ಮನೆಗಳು ಮೀನು-ಮಾಂಸ ಬಿಡುತ್ತವೆ. ಗಣಪತಿ ಹಬ್ಬಕ್ಕೆ ತೆಂಗಿನಕಾಯಿ, ಬೆಲ್ಲ ಮೂರು ಪಟ್ಟು. ಇಂಥ ತಿಂಗಳನ್ನು ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಅಧಿಕ ಮಾಸ ಬಂದ ವರ್ಷ ಹಬ್ಬ ಮುಂದೆ ಸರಿಯುತ್ತದೆ, ಕ್ಯಾಲೆಂಡರ್ ನೋಡಿಕೊಳ್ಳಿ. ನೆಂಟರು ಇದ್ದ ದಿನಗಳಿಗೆ ತಲೆ ಲೆಕ್ಕ ಬರೆದಿಡಿ.

ಕೊಳ್ಳುವವರು ಒಬ್ಬರಲ್ಲ. ನಮ್ಮಲ್ಲಿ ಅತ್ತೆಯವರು ಬೆಳಿಗ್ಗೆ ಮಂಡಿಗೆ ಹೋಗಿ ತರಕಾರಿ ತರುತ್ತಾರೆ. ನನ್ನ ಗಂಡ ರಾತ್ರಿ ಲೋಕಲ್ ಇಳಿದು ಸ್ಟೇಷನ್ ಹೊರಗೆ ಸಿಕ್ಕಿದ್ದನ್ನು ತರುತ್ತಾರೆ. ಇಬ್ಬರಿಗೂ ಅವರವರ ರುಚಿ, ಅವರವರ ಲೆಕ್ಕ ಇದೆ. ಬೇರೆ ಬೇರೆ ನೋಡಿದರೆ ಇಬ್ಬರೂ ಪಾಸ್. ಕೂಡಿಸಿದರೆ ಫೇಲಾಗಬಹುದು. ಪಿಯರ್-ಆಂದ್ರೆ ಶಿಯಾಪೊರಿ 1988ರಿಂದ ಬೆಳೆಸಿದ ಸಾಮೂಹಿಕ ಕುಟುಂಬದ ಮಾದರಿ ಹುಟ್ಟಿದ್ದೇ ಈ ಮಾತಿನಿಂದ: ಮನೆ ಅನ್ನೋದು ಒಂದು ತಲೆ ಅಲ್ಲ. "ಯಾರು ತಂದದ್ದು" ಕಾಲಂ ಇದ್ದರೆ ನೀವೂ ಬೇರ್ಪಡಿಸಿ ನೋಡಬಹುದು.

ಇಷ್ಟೆಲ್ಲ ನೋಡಿದ ಮೇಲೂ ವಿವರಣೆ ಸಿಗದ ಉಲ್ಲಂಘನೆ ಉಳಿದರೆ, ಅದನ್ನು ಹಾಗೇ ಬಿಡಿ. ಕಾರಣ ಹೊಸೆಯಬೇಡಿ. ಯಾವ ತಪ್ಪಿಗಾದರೂ ಏನೋ ಒಂದು ಕತೆ ಕಟ್ಟಬಹುದು. ಹಾಗೆ ಕಟ್ಟುತ್ತಾ ಹೋದರೆ ಪರೀಕ್ಷೆಯೇ ಉಳಿಯೋದಿಲ್ಲ. ವಹಿಯಲ್ಲಿ ಬರೆದದ್ದು, ಅಥವಾ ಕೋಷ್ಟಕ ತೋರಿಸುವ ಮುಂಚೆ ಮನೆಯವರು ತಾವಾಗಿ ಹೇಳಿದ್ದು, ಇವನ್ನು ಮಾತ್ರ ಒಪ್ಪಿಕೊಳ್ಳಿ.

ಹೆಜ್ಜೆ 8: ತಪ್ಪು ಎಷ್ಟು ದೊಡ್ಡದು?

ಗಾರ್ಪ್ ಪಾಸು ಅಥವಾ ಫೇಲು ಅಂತ ಮಾತ್ರ ಹೇಳುತ್ತದೆ. 5 ರೂಪಾಯಿಯ ತಪ್ಪಿಗೂ 500ರ ತಪ್ಪಿಗೂ ಒಂದೇ ಹೆಸರು. ಆಫ್ರಿಯಾಟ್ ಇದಕ್ಕೂ ಅಳತೆ ಕೊಟ್ಟಿದ್ದಾರೆ. ಎಲ್ಲ ತಿಂಗಳ ಬಜೆಟ್ಟನ್ನೂ ಒಂದೇ ಪ್ರಮಾಣದಲ್ಲಿ ಸ್ವಲ್ಪ ಸ್ವಲ್ಪ ಕುಗ್ಗಿಸುತ್ತಾ ಹೋಗಿ. ಎಲ್ಲಿ ಉಲ್ಲಂಘನೆ ಮಾಯವಾಗುತ್ತದೋ ಆ ಸಂಖ್ಯೆಯೇ ದಕ್ಷತೆಯ ಸೂಚ್ಯಂಕ.

ನಮ್ಮ ಬೇಳೆ ಲೆಕ್ಕದಲ್ಲಿ ಎರಡು ಕೊಂಡಿಗಳಿವೆ. ಒಂದು 620ಕ್ಕೆ 560, ಅಂದರೆ 0.903. ಇನ್ನೊಂದು 590ಕ್ಕೆ 580, ಅಂದರೆ 0.983. ಸುತ್ತು ಬಿಡಿಸಲು ಒಂದು ಕೊಂಡಿ ಕಳಚಿದರೆ ಸಾಕು. ಆದ್ದರಿಂದ ಸೂಚ್ಯಂಕ 0.983. ಅಂದರೆ 590 ರೂಪಾಯಿಯಲ್ಲಿ 10 ರೂಪಾಯಿಯಷ್ಟು ಏರುಪೇರು. ಜೂನ್-ಜುಲೈ-ಆಗಸ್ಟ್ ಸುತ್ತಿನಲ್ಲಿ ಇದು ಇನ್ನೂ ಸಣ್ಣದು: 1,015ನ್ನು 1,020ರಿಂದ ಭಾಗಿಸಿ, 0.995.

ಸಂಶೋಧಕರು 0.95ನ್ನು ಒಂದು ಗೆರೆಯಾಗಿ ಇಟ್ಟುಕೊಳ್ಳುವುದುಂಟು. ಅದು ರೂಢಿ, ವೇದವಾಕ್ಯ ಅಲ್ಲ. ನಾನು ಇನ್ನೊಂದು ಕೆಲಸವನ್ನೂ ಮಾಡಿಸುತ್ತೇನೆ. ನಿಮ್ಮ ತೂಕ ಮತ್ತು ದರದಲ್ಲಿ ಶೇ. 2ರಷ್ಟು ತಪ್ಪು ಇರಬಹುದು ಅಂದುಕೊಂಡು ಅಂಕಿಗಳನ್ನು ಅಷ್ಟು ಅಲುಗಾಡಿಸಿ, ಮತ್ತೆ ನೋಡಿ. ಉಲ್ಲಂಘನೆ ಬಂದು ಬಂದು ಹೋಗುತ್ತಿದ್ದರೆ ಅದು ತಕ್ಕಡಿಯ ಮಾತು, ಮನಸ್ಸಿನ ಮಾತಲ್ಲ.

ಹೆಜ್ಜೆ 9: ಪಾಸಾದರೆ ಖುಷಿಪಡುವ ಮುಂಚೆ

ಉಲ್ಲಂಘನೆ ಒಂದೂ ಸಿಗದಿದ್ದಾಗ ಮಕ್ಕಳು ಅಲ್ಲಿಗೆ ಮುಗಿಸಿಬಿಡುತ್ತಾರೆ. ಅದು ತಪ್ಪು. ಸಿದ್ಧಾಂತ ಸೋಲುವ ಅವಕಾಶವೇ ಇಲ್ಲದಿದ್ದರೆ ಗೆಲುವಿಗೆ ಬೆಲೆ ಇಲ್ಲ.

ಯೋಚಿಸಿ. ಬೆಲೆಗಳು ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಏರಿದವು, ಮನೆಯ ಖರ್ಚು ಅದಕ್ಕಿಂತ ವೇಗವಾಗಿ ಏರಿತು. ಆಗ ಈ ವರ್ಷದ ಬುಟ್ಟಿಗಳು ಹೋದ ವರ್ಷ ಕೈಗೆಟುಕುತ್ತಲೇ ಇರಲಿಲ್ಲ. ಹೋಲಿಕೆಯೇ ಹುಟ್ಟಲಿಲ್ಲ. ಏನು ಕೊಂಡಿದ್ದರೂ ಪಾಸ್. ವೇರಿಯನ್ 1982ರಲ್ಲಿ ಅಮೆರಿಕದ ಇಡೀ ದೇಶದ ವಾರ್ಷಿಕ ಅಂಕಿಗಳನ್ನು ಪರೀಕ್ಷಿಸಿದಾಗ ಅವು ಪಾಸಾದವು. ದೇಶದ ಆದಾಯ ಏರುತ್ತಲೇ ಇದ್ದ ಕಾಲ ಅದು. ಬಜೆಟ್ ಗೆರೆಗಳು, ಅಂದರೆ ಆಯಾ ವರ್ಷದ ಹಣಕ್ಕೆ ಏನೇನು ಎಟುಕುತ್ತದೆ ಅನ್ನೋ ಗೆರೆಗಳು, ಒಂದನ್ನೊಂದು ದಾಟಿದ್ದೇ ಕಡಿಮೆ.

ಸ್ಟೀಫನ್ ಬ್ರೋನಾರ್ಸ್ 1987ರಲ್ಲಿ ಇದಕ್ಕೊಂದು ಉಪಾಯ ಹೇಳಿದರು. ನಿಮ್ಮದೇ ಬೆಲೆ, ನಿಮ್ಮದೇ ಒಟ್ಟು ಖರ್ಚು ಇಟ್ಟುಕೊಳ್ಳಿ. ಆದರೆ ಹಣವನ್ನು ಸಾಮಾನುಗಳ ಮೇಲೆ ಚೀಟಿ ಎತ್ತಿದಂತೆ ಸುಮ್ನೆ ಹಂಚಿ. ಹೀಗೆ 1,000 ಸಲ ಹಂಚಿ, 1,000 ಸಲ ಗಾರ್ಪ್ ನೋಡಿ. ಕಣ್ಣುಮುಚ್ಚಿ ಹಂಚಿದ್ದರಲ್ಲಿ 800 ಫೇಲಾಗಿ ನಿಮ್ಮ ಮನೆ ಪಾಸಾದರೆ, ಆ ಪಾಸಿಗೆ ತೂಕ ಇದೆ. ಬರೀ 60 ಫೇಲಾದರೆ, ನಿಮ್ಮ ಅಂಕಿಗಳು ಸಿದ್ಧಾಂತವನ್ನು ಮುಟ್ಟಿಯೇ ಇಲ್ಲ.

ಪರೀಕ್ಷೆಯ ತಾಕತ್ತು ಹೆಚ್ಚಿಸುವುದು ಹೇಗೆ? ಬೆಲೆ ಜಿಗಿದಾಡಿದ ತಿಂಗಳುಗಳನ್ನು ಸೇರಿಸಿ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿ ಹೋಯಿತಲ್ಲ, ಅಂಥ ತಿಂಗಳು ಬಂಗಾರ. ನಮ್ಮ ವಹಿಯಲ್ಲಿ ಆ ತಿಂಗಳು ಟೊಮೆಟೊ ಪಾವ್ ಕಿಲೋಗೆ ಇಳಿದಿದೆ, ಹುಣಸೆಹಣ್ಣು ಮತ್ತು ಆಮಸೂಲು (ಒಣ ಕೋಕಂ) ಏರಿವೆ. ಸಾರಿನ ಹುಳಿ ಬೇರೆ ಕಡೆಯಿಂದ ಬಂತು. ಪಠ್ಯದಲ್ಲಿ ಬದಲಿ ವಸ್ತು ಅಂತ ಓದುವುದು ಇಲ್ಲಿ ಮೂರು ಸಾಲಿನಲ್ಲಿ ಕಾಣುತ್ತದೆ. ಇದನ್ನು ನೋಡಬೇಕಾದರೆ ತರಕಾರಿಯನ್ನೆಲ್ಲ ಒಂದೇ ಗುಂಪಿಗೆ ಹಾಕಬಾರದು. ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಬೇರೆ ಬೇರೆ ಇರಲಿ.

ಹೆಜ್ಜೆ 10: ಬಹಳ ಮನೆಗಳ ಅಂಕಿ ಇದ್ದರೆ

ಸರ್ಕಾರದ ಸಮೀಕ್ಷೆಯ ಅಂಕಿಗಳನ್ನು ಇಳಿಸಿಕೊಂಡವರಿಗೆ ಮೊದಲ ಮತ್ತು ಮೂರನೆಯ ಪ್ರಶ್ನೆ ತೆರೆಯುತ್ತವೆ. ಪ್ರತಿ ಮನೆಯ ಊಟದ ಪಾಲನ್ನು ತಲಾ ಖರ್ಚಿನ ಲಾಗ್ (ಲಾಗರಿದಮ್) ಎದುರು ಗ್ರಾಫ್‌ನಲ್ಲಿ ಬಿಡಿಸಿ. ಗೆರೆ ಇಳಿಯುತ್ತಿದ್ದರೆ ಎಂಗೆಲ್ ಸರಿ. ಅಕ್ಕಿ, ಜೋಳ, ಹಾಲು ಬೇರೆ ಬೇರೆ ಬಿಡಿಸಿದರೆ ಇನ್ನೂ ಸ್ವಾರಸ್ಯ.

ಮೂರನೆಯ ಪ್ರಶ್ನೆಗೆ ಡೀಟನ್ ಮತ್ತು ಮ್ಯೂಲ್‌ಬಾವರ್ 1980ರಲ್ಲಿ ಕೊಟ್ಟ ಮಾದರಿ ಬಳಸಿ. ಪ್ರತಿ ಸಾಮಾನಿನ ಪಾಲನ್ನು ಎಲ್ಲ ಬೆಲೆಗಳ ಲಾಗ್ ಮತ್ತು ನೈಜ ಖರ್ಚಿನ (ಬೆಲೆ ಏರಿಕೆ ಕಳೆದ ಖರ್ಚಿನ) ಲಾಗ್ ಮೇಲೆ ಹಾಕುವ ರಿಗ್ರೆಶನ್, ಅಂದರೆ ಅಂಕಿಗಳಿಗೆ ಹೊಂದುವ ಸಮೀಕರಣ ಹುಡುಕುವ ಲೆಕ್ಕ ಅದು. ಒಂದು ಸಮೀಕರಣದಲ್ಲಿ ಬೆಲೆಗಳ ಗುಣಾಂಕಗಳನ್ನು ಕೂಡಿದರೆ ಸೊನ್ನೆ ಬರಬೇಕು. ಬರದಿದ್ದರೆ, ಎಲ್ಲ ಬೆಲೆ ಮತ್ತು ಆದಾಯ ಒಟ್ಟಿಗೆ ಏರಿದರೂ ಜನ ಬದಲಾಗುತ್ತಾರೆ ಅಂತಾಗುತ್ತದೆ. ಅವರಿಬ್ಬರು ಬ್ರಿಟನ್ನಿನ ಅಂಕಿಗಳ ಮೇಲೆ ನೋಡಿದಾಗ ಕೆಲವು ಗುಂಪುಗಳಲ್ಲಿ ಈ ಷರತ್ತು ನಿಲ್ಲಲಿಲ್ಲ. ತಾವೇ ಕಟ್ಟಿದ ಮಾದರಿಯಲ್ಲಿ ತಮ್ಮ ಸಿದ್ಧಾಂತ ಎಡವಿದ್ದನ್ನು ಮುಚ್ಚಿಡದೆ ಬರೆದರು. ಇಲ್ಲಿ ಹೆಜ್ಜೆ 4ರ ಬೆಲೆಯ ಎಚ್ಚರಿಕೆ ಇನ್ನೂ ಜಾಸ್ತಿ ಬೇಕು.

ಹೆಜ್ಜೆ 11: ವರದಿ ಬರೆಯುವಾಗ

ಫಲಿತಾಂಶವನ್ನು ಒಂದೇ ಸಾಲಿನಲ್ಲಿ ಹೇಳಬೇಡಿ. ನಾನು ಮಕ್ಕಳಿಂದ ಬರೆಸುವ ಮಾದರಿ ಹೀಗಿದೆ:

"ಒಂದು ಮನೆ, 24 ತಿಂಗಳು, 9 ಗುಂಪು. ಕೆಡದ ಸಾಮಾನುಗಳನ್ನು ಬಳಕೆಯ ಪ್ರಕಾರ ಹಂಚಿದ್ದೇವೆ. ಮೊದಲ ಲೆಕ್ಕದಲ್ಲಿ ಉಲ್ಲಂಘನೆ ಇಷ್ಟು, ಸೂಚ್ಯಂಕ ಇಷ್ಟು. ಕಾಯಿಲೆ ಮತ್ತು ನೆಂಟರ ತಿಂಗಳು ಬಿಟ್ಟ ಮೇಲೆ ಇಷ್ಟು. ಮನಬಂದಂತೆ ಹಂಚಿದ 1,000 ಬುಟ್ಟಿಗಳಲ್ಲಿ ಇಷ್ಟು ಫೇಲಾದವು. ವಿವರಣೆ ಸಿಗದೆ ಉಳಿದ ಉಲ್ಲಂಘನೆ ಇಷ್ಟು, ಅವುಗಳ ತಿಂಗಳು ಇವು."

ಎರಡೂ ಲೆಕ್ಕ, ಅಂದರೆ ತಿಂಗಳು ಬಿಡುವ ಮುಂಚಿನದು ಮತ್ತು ಆಮೇಲಿನದು, ಪಕ್ಕಪಕ್ಕದಲ್ಲೇ ಇರಲಿ. ಬಿಟ್ಟ ಪ್ರತಿ ತಿಂಗಳಿಗೂ ವಹಿಯ ಆ ಸಾಲನ್ನು ನಕಲು ಮಾಡಿ ಕೊನೆಯಲ್ಲಿ ಲಗತ್ತಿಸಿ. ನಮ್ಮ ವರದಿಗೆ ಲಗತ್ತಿಸಿದ ಪುಟದಲ್ಲಿ "ಹೆಸರಬ್ಯಾಳಿ 4 ಕಿ." ಅಂತ ಇದೆ. ಅದರ ಎದುರು ಖಾಲಿ ಇದ್ದ ಜಾಗದಲ್ಲಿ ಅತ್ತೆಯವರು ಆಮೇಲೆ ಪೆನ್ಸಿಲ್‌ನಲ್ಲಿ "ಗಂಜಿಗೆ" ಅಂತ ಸೇರಿಸಿದ್ದಾರೆ. ಆ ಪದವನ್ನು ಯಾವ ದಿನ ಸೇರಿಸಿದ್ದು ಅಂತಲೂ ಪಕ್ಕದಲ್ಲಿ ಬರೆದಿದ್ದೇವೆ.